ಒಳಗೆ ಜಾರಿದ ಗೆರೆ

ನೀರುಳ್ಳಿಯನ್ನು ಅರ್ಧಕ್ಕೆ ಕತ್ತರಿಸಿ, ಎಣ್ಣೆಯಲ್ಲಿ ಅದ್ದಿ, ನಾನು ಕಾವಲಿ ಉಜ್ಜುತ್ತಿದ್ದೆ. ಒಲೆ ಹೊತ್ತಿಸಿರಲಿಲ್ಲ. ತಣ್ಣಗಿನ ಕಬ್ಬಿಣದ ಮೇಲೆ ನೀರುಳ್ಳಿ ಸದ್ದು ಮಾಡುವುದಿಲ್ಲ, ಸುಮ್ಮನೆ ಜಾರುತ್ತದೆ. ಉಜ್ಜು ಎಂದು ನನಗೆ ಯಾರೂ ಹೇಳಿರಲಿಲ್ಲ. ಬೇಡ ಎಂದೂ ಹೇಳಲಿಲ್ಲ.

ಅದು ಅಪ್ಪನ ಕಾವಲಿ. ಎರಡು ದಿನ ಕೈ ತಾಗದಿದ್ದರೆ ಮುನಿಸಿಕೊಳ್ಳುತ್ತದೆ, ಆಮೇಲೆ ದೋಸೆ ಏಳುವುದಿಲ್ಲ ಎಂದು ಅಪ್ಪ ಹೇಳುತ್ತಿದ್ದರು. ಅವರು ಇವತ್ತೇ ಬಂದು ಒಲೆ ಹಚ್ಚುತ್ತಾರೆ ಎಂಬ ಹಾಗೆ ನಾನು ಉಜ್ಜಿದೆ.

ಕೋಪರಿಯ ಈ ಹೋಟೆಲಿನ ಉಗ್ರಾಣದ ಗೋಡೆಗೆ ಕನ್ನ ಕೊರೆದು, ಪಕ್ಕದ ಜಯೇಶ್ ಭಾಯಿಯ ಚಿನ್ನದಂಗಡಿಗೆ ಕಳ್ಳರು ನುಗ್ಗಿದ ಮಾರನೆಯ ದಿನದಿಂದ ಅಪ್ಪ ಪೊಲೀಸರ ಬೆಂಚಿನ ಮೇಲಿದ್ದರು. ಕೊರೆಯುವ ಮುನ್ನ ಯಾರೋ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಒಂದು ವೃತ್ತ ಬರೆದಿದ್ದರು. ಒಳಗಿನ ಗಾರೆ, ಇಟ್ಟಿಗೆ ಬಿದ್ದುಹೋಗಿತ್ತು. ಗೆರೆ ಮಾತ್ರ ತೂತಿನ ಸುತ್ತ ಹಾಗೇ ಉಳಿದಿತ್ತು. ಆ ಗೆರೆ ಅಷ್ಟೊಂದು ದುಂಡಗಿದ್ದದ್ದೇ ಅಪ್ಪನ ತಪ್ಪು.

ಗಿರಾಕಿಗಳಿಲ್ಲದ ಹಾಲ್‌ನಲ್ಲಿ ನಮ್ಮ ಸೇಠ್ ಪ್ರೇಮನಾಥರು ಒಬ್ಬರೇ ಊಟಕ್ಕೆ ಕೂತಿದ್ದರು. ತಮ್ಮ ಹೋಟೆಲಿನ ತಿಂಡಿಯನ್ನು ಅವರು ಮುಟ್ಟುವುದಿಲ್ಲ. ಐರೋಲಿಯ ಮನೆಯಿಂದಲೇ ಡಬ್ಬಿ ಬರುತ್ತದೆ. ಡಬ್ಬಿಯ ಮುಚ್ಚಳ ತೆಗೆದಾಗ ತೆಂಗಿನಕಾಯಿಯ ಪರಿಮಳ ಕಾವಲಿಯವರೆಗೂ ಬಂತು. ನಾಲ್ಕು ಮಡಿಕೆ ಮಡಚಿದ ಬಿಳಿ ನೀರುದೋಸೆ, ಅದರ ಮೇಲೆ ಚಟ್ನಿ.

ಪಕ್ಕದ ಕುರ್ಚಿಯಲ್ಲಿ ಅವರ ಹೆಂಡತಿ ಜಯಲತಾ ಕೂತಿದ್ದರು. ನಾವೆಲ್ಲ ಜಯಕ್ಕ ಅನ್ನುತ್ತೇವೆ. ಬಲಗೈಗೆ ಬೆರಳುಗಳು ಮಾತ್ರ ಕಾಣುವಂತೆ ಬಿಳಿ ಬ್ಯಾಂಡೇಜ್ ಸುತ್ತಿತ್ತು. ಬಿಸಿ ಗಂಜಿ ಬಿತ್ತಂತೆ. ಬೆಳಿಗ್ಗೆ ಶಟರಿನ ಬೀಗ ತೆಗೆದವರು ಅವರೇ. ಆ ಬೀಗ ಎಷ್ಟು ಗಟ್ಟಿ ಎಂದರೆ ನಮ್ಮ ಸಪ್ಲಾಯರ್ ವಿಶಾಲ್ ಒಂದು ಕಾಲು ಕೊಟ್ಟು ಒದ್ದು, ಬೈದು, ಆಮೇಲೆ ತಿರುಗಿಸುತ್ತಾನೆ. ಜಯಕ್ಕ ಬಲಗೈಯಲ್ಲೇ ಒಂದೇ ಸಲಕ್ಕೆ ತಿರುಗಿಸಿದ್ದರು.

ನಾನು ನೋಡಿದೆ, ಸುಮ್ಮನಾದೆ. ನಾನು ಮಾತಾಡುವುದು ಕಡಿಮೆ. ಒಂಬತ್ತನೆಯಲ್ಲಿ ಶಾಲೆ ಬಿಟ್ಟು ಇಲ್ಲಿ ತರಕಾರಿ ಹೆಚ್ಚಲು ನಿಂತ ಮೇಲೆ ಇನ್ನೂ ಕಡಿಮೆಯಾಯಿತು. ಮಾತಾಡದವರ ಎದುರು ಜನ ಜಾಗ್ರತೆಯಾಗಿ ಇರುವುದಿಲ್ಲ.

“ಸಾಕು ಮಾರಾಯ್ತಿ ಪ್ರೇಕ್ಷಾ,” ಸೇಠ್ ಅಂದರು. “ಎಷ್ಟು ಉಜ್ಜಿದರೂ ಅದು ಕನ್ನಡಿ ಆಗುದಿಲ್ಲ.”

ನಾನು ನೀರುಳ್ಳಿಯನ್ನು ಬದಿಗಿಟ್ಟೆ. ನನ್ನ ಏಪ್ರನ್ನಿನ ಜೇಬಿನಲ್ಲಿ ಒಂದು ಗಟ್ಟಿ ವಸ್ತು ತೊಡೆಗೆ ಒತ್ತುತ್ತಿತ್ತು. ನೀರುಳ್ಳಿ ತೆಗೆಯಲೆಂದು ಉಗ್ರಾಣದ ಗೋಣಿಗೆ ಕೈ ಹಾಕಿದಾಗ ಸಿಕ್ಕಿದ್ದು ಅದು. ಅದನ್ನು ಇನ್ನೂ ಯಾರಿಗೂ ತೋರಿಸಿರಲಿಲ್ಲ.

ಹೊರಗೆ ಜೀಪು ನಿಂತಿತು.

ಮೊದಲು ಒಳಗೆ ಬಂದವರು ಹವಾಲ್ದಾರ್ ಅಂಬಾರಾಯ. ಕಲಬುರಗಿ ಕಡೆಯವರು, ಇರುವುದು ಕಲ್ಯಾಣದಲ್ಲಿ. ಇಲ್ಲಿಯ ಪೊಲೀಸರಲ್ಲಿ ಕನ್ನಡ ಬರುವುದು ಅವರೊಬ್ಬರಿಗೆ. ಅದಕ್ಕೇ ಈ ಕೇಸಿನ ಮಾತುಕತೆಯೆಲ್ಲ ಅವರ ತಲೆಗೆ ಬಿದ್ದಿತ್ತು. ಅವರ ಹಿಂದೆ ಅಪ್ಪ. ಅಂಗಿಯ ಗುಂಡಿ ತಪ್ಪಾಗಿ ಹಾಕಿಕೊಂಡಿದ್ದರು. ನನ್ನನ್ನು ನೋಡಲಿಲ್ಲ, ಮೊದಲು ಕಾವಲಿ ನೋಡಿದರು.

“ಏನ್ರೀ ಸೇಠ್, ಒಂದು ಕಪ್ ಚಾನೂ ಇಲ್ಲೇನು?” ಅಂಬಾರಾಯ ಕೇಳಿದರು.

“ಒಲೆ ಹಚ್ಚುವವರನ್ನು ನೀವೇ ಕೂಡಿಸಿಕೊಂಡಿದ್ದೀರಲ್ಲ ಸಾಬ್,” ವಿಶಾಲ್ ಅಂದ.

“ನಿನ್ನ ಬಾಯಿಗೆ ಬೇರೆ ಸೆಕ್ಷನ್ ಹಾಕ್ತೀನಿ ಬಾ.” ಅಂಬಾರಾಯ ಟೋಪಿ ತೆಗೆದು ಮೇಜಿನ ಮೇಲಿಟ್ಟರು. “ಹೇಳೋದು ಕೇಳ್ರಿ ಎಲ್ಲರೂ. ಸಂಜಿ ಒಳಗ ಸಾಹೇಬ್ರು ಈ ಪೂವಪ್ಪನ ಅರೆಸ್ಟ್ ತೋರಸ್ತಾರ. ತೋರಿಸಿದ ಮ್ಯಾಲ ನನ್ನ ಕೈಯಾಗ ಏನೂ ಇಲ್ಲ. ಅದಕ್ಕ ನಿನ್ನಿ ಸಂಜಿ ಫೋನ್ ಮಾಡಿ ಹೇಳಿದ್ದೆ, ಎಲ್ಲಾರ ಕೈಲಿ ಒಂದೊಂದು ವೃತ್ತ ಬರಸ್ತೀನಿ ಅಂತ.”

“ಬರೆಸಿ, ಬರೆಸಿ,” ಸೇಠ್ ಕೈ ತೊಳೆದು ಬಂದರು. “ಆದರೆ ಒಂದು ಹೇಳಿ. ಉಗ್ರಾಣದ ಬೀಗ ಒಡೆದದ್ದಲ್ಲ, ಕೀಲಿ ಹಾಕಿ ತೆಗೆದದ್ದು. ಕೀಲಿ ಇರುವುದು ಎರಡೇ. ಒಂದು ಪೂವಪ್ಪನ ಸೊಂಟದಲ್ಲಿ, ಇನ್ನೊಂದು ಐರೋಲಿಯಲ್ಲಿ ನಮ್ಮ ದೇವರ ಕೋಣೆಯಲ್ಲಿ. ಹಾಗಾದರೆ ಯಾರು ಅಂತ ನಾನು ಹೇಳಬೇಕಾ?”

“ಧಣಿ…” ಅಂದರು ಅಪ್ಪ.

“ನನಗೇನು ಇವನ ಮೇಲೆ ದ್ವೇಷವಾ? ನನ್ನ ಅಮ್ಮನ ಪವನಿನ ಚಿನ್ನದ ಸರವೂ ಹೋಯಿತು, ಗೊತ್ತುಂಟಲ್ಲ. ಸೋದರಳಿಯನ ಮದುವೆಗೆ ಪಾಲಿಶ್ ಆಗಲಿ ಅಂತ ನಾನೇ ಜಯೇಶ್ ಭಾಯಿಗೆ ಕೊಟ್ಟಿದ್ದೆ. ಇವಳಿಗೂ ಹೇಳಿರಲಿಲ್ಲ. ಕೊಟ್ಟ ಮೇಲೆ ಹೇಳಿದರೆ ಒಂದು ದಿನ ಊಟ ಬಿಟ್ಟಳು.”

ಜಯಕ್ಕ ಬ್ಯಾಂಡೇಜಿನ ತುದಿಯನ್ನು ಒಳಗೆ ಸಿಕ್ಕಿಸಿಕೊಂಡರು.

ಈ ಕಳ್ಳತನದಲ್ಲಿ ಎಲ್ಲರಿಗೂ ಸೋಜಿಗವಾದ ಸಂಗತಿ ಒಂದಿತ್ತು. ಶೋಕೇಸಿನಲ್ಲಿದ್ದ ಹೊಸ ಬಳೆ, ಉಂಗುರ ಒಂದನ್ನೂ ಕಳ್ಳರು ಮುಟ್ಟಿರಲಿಲ್ಲ. ರಿಪೇರಿಗೆ, ಪಾಲಿಶಿಗೆ ಬಂದ ಹಳೆಯ ಒಡವೆಗಳ ಪೆಟ್ಟಿಗೆಯನ್ನು ಮಾತ್ರ ಒಯ್ದಿದ್ದರು.

“ಬರ್ರಿ,” ಅಂಬಾರಾಯ ಎದ್ದರು. “ಅದೇ ಗ್ವಾಡಿ ಮ್ಯಾಲೆ ಬರೀರಿ.”

ಉಗ್ರಾಣದಲ್ಲಿ ಅಕ್ಕಿ ಮೂಟೆಗಳ ನಡುವೆ ನಾವೆಲ್ಲ ಒತ್ತಿಕೊಂಡು ನಿಂತೆವು. ಸೊಂಟದೆತ್ತರಕ್ಕೆ ಆ ತೂತು. ಅದಕ್ಕೆ ಆಚೆಯಿಂದ ಜಯೇಶ್ ಭಾಯಿ ಪ್ಲೈವುಡ್ ಬಡಿದಿದ್ದರು. ಸುತ್ತಲೂ ಆ ಬಿಳಿ ಗೆರೆ. ನಿಜ, ನೋಡಿದರೆ ಯಾರಿಗೂ ಅನ್ನಿಸುವುದು ಒಂದೇ. ಊಟದ ತಟ್ಟೆ ಇಟ್ಟು ಬರೆದ ಹಾಗಿತ್ತು. ಆದರೆ ಅಷ್ಟು ದೊಡ್ಡ ತಟ್ಟೆ ನಮ್ಮಲ್ಲಿಲ್ಲ. ಮೊಳೆ ಹೊಡೆದು ದಾರ ಕಟ್ಟಿ ಬರೆದಿದ್ದರೆ ಗೆರೆಯ ದಪ್ಪ ಒಂದೇ ಸಮ ಇರುತ್ತಿತ್ತು. ಇದು ಒಂದು ಕಡೆ ದಪ್ಪ, ಒಂದು ಕಡೆ ಸಪೂರ. ಕೈಯಲ್ಲೇ ಬರೆದದ್ದು.

ಸಾಹೇಬರಿಗೆ ಅಪ್ಪನ ಮೇಲೆ ಕಣ್ಣು ಬಿದ್ದದ್ದು ಒಂದು ರೀಲಿನಿಂದ. ಯಾರೋ ಕಾಲೇಜು ಹುಡುಗ ಅಪ್ಪ ದೋಸೆ ಹರಡುವುದನ್ನು ಶೂಟ್ ಮಾಡಿ, ಬೆಂದ ದೋಸೆಯ ಮೇಲೆ ಸ್ಟೀಲ್ ತಟ್ಟೆ ಕವುಚಿ ತೋರಿಸಿದ್ದ. ಅಂಚಿಗೆ ಅಂಚು ಕೂಡಿತ್ತು. ‘ಕಂಪಾಸ್ ಅಂಕಲ್’ ಎಂದು ಹೆಸರಿಟ್ಟಿದ್ದ. ಡೊಂಬಿವಲಿಯ ನಮ್ಮ ಚಾಳಿನ ವಠಾರದಲ್ಲಿ ಎಲ್ಲರ ಫೋನಿಗೂ ಅದು ಬಂದಿತ್ತು. ಅಮ್ಮ ಹತ್ತು ಸಲ ನೋಡಿ ನಕ್ಕಿದ್ದರು. ಅದೇ ರೀಲನ್ನು ಈಗ ಸಾಹೇಬರು ಅಪ್ಪನ ಮುಖಕ್ಕೆ ಹಿಡಿದು ಕೇಳುತ್ತಿದ್ದರು, ಈ ಕೈ ಬಿಟ್ಟರೆ ಬೇರೆ ಯಾರ ಕೈ?

ಬೋರ್ಡಿನ ಮೇಲೆ ಇವತ್ತಿನ ಸ್ಪೆಶಲ್ ಬರೆಯುವ ಸೀಮೆಸುಣ್ಣದ ಡಬ್ಬ ಕೌಂಟರಿನಲ್ಲೇ ಇರುತ್ತದೆ. ಯಾರ ಕೈಗೂ ಸಿಗುತ್ತದೆ. ಅಂಬಾರಾಯ ಅದರಿಂದ ಒಂದು ತುಂಡು ತೆಗೆದು ವಿಶಾಲನಿಗೆ ಕೊಟ್ಟರು.

“ಇಷ್ಟೇ ಅಲ್ವಾ? ಅರೇ ಯಾರ್, ಒಂದು ಸೊನ್ನೆ!” ವಿಶಾಲ್ ಕೈ ಬೀಸಿ ಬರೆದ. ಹಿಂದೆ ಸರಿದು ನೋಡಿದ. “ಆಯ್ಲಾ… ಇದು ವಾಂಗೀ ಆಯ್ತಲ್ಲ.”

ನಿಜಕ್ಕೂ ಬದನೆಕಾಯಿಯೇ. ತೊಟ್ಟೂ ಇತ್ತು.

“ಅವಸರ ಮಾಡಿದ್ದಕ್ಕೆ ಹಾಗಾದ್ದು,” ಸೇಠ್ ಸೀಮೆಸುಣ್ಣ ತೆಗೆದುಕೊಂಡರು. ನಾಲಿಗೆ ಕಚ್ಚಿ, ಬಹಳ ನಿಧಾನ, ಬಹಳ ಮರ್ಯಾದೆಯಿಂದ ಬರೆದರು. ನಿಧಾನ ಮಾಡಿದಷ್ಟೂ ಗೆರೆ ನಡುಗಿತು. ಮುಗಿದಾಗ ಅದು ಗೋಣಿಯಲ್ಲಿ ಬಹಳ ದಿನ ಉಳಿದ ಬಟಾಟೆಯ ಹಾಗಿತ್ತು.

“ನಿಮ್ದು ನಿಮ್ಮ ಹೊಟ್ಟಿ ಇದ್ದಂಗ ಆಗ್ಯದ ಸೇಠ್,” ಅಂಬಾರಾಯ ನಕ್ಕರು.

“ಹಾಗಾದರೆ ನೀವು ಬರೆದು ತೋರಿಸಿ ಮಾರಾಯ್ರೆ. ಯೂನಿಫಾರ್ಮ್ ಹಾಕಿದವರಿಗೆ ಬರಬಹುದು.”

ಅಂಬಾರಾಯ ತೋಳು ಮಡಚಿದರು. ಒಂದೇ ಏಟಿಗೆ ಗೆರೆ ಎಳೆದರು. ಹೊರಟ ಜಾಗಕ್ಕೆ ಗೆರೆ ವಾಪಸು ಬರಲೇ ಇಲ್ಲ. ಕುದುರೆ ಲಾಳದಂತೆ ಬಾಯಿ ತೆರೆದುಕೊಂಡು ನಿಂತಿತು. ಅವರು ಅದನ್ನು ಅಂಗೈಯಲ್ಲಿ ಒರೆಸಿ ಮತ್ತೆ ಬರೆದರು. ಈ ಸಲ ಬಾಯಿ ಮುಚ್ಚಿತು, ತಲೆ ಚಪ್ಪಟೆಯಾಯಿತು.

“ವೃತ್ತ ಬಿಡ್ರಿ, ಚೌಕ ಬರೀತೀನಿ ನೋಡ್ರಿ,” ಅಂದರು. ಮೂರು ಬದಿ ಚೆನ್ನಾಗಿ ಬಂತು. ನಾಲ್ಕನೆಯದು ಮೊದಲನೆಯದಕ್ಕೆ ಮುಟ್ಟಲಿಕ್ಕೆ ಓರೆಯಾಗಿ ಓಡಬೇಕಾಯಿತು. “ಥೂ. ನಮ್ಮ ಹೊಲದ ಒಡ್ಡು ಇದ್ದಂಗ ಆತು.”

“ತ್ರಿಕೋನ ಬರೆಯಿರಿ ಸಾಬ್, ಅದು ಈಜಿ,” ವಿಶಾಲ್ ಅಂದ. ಅವನೇ ಬರೆದ. “ಸಮೋಸಾ. ಪಕ್ಕಾ ಸಮೋಸಾ.”

ಗೋಡೆ ತುಂಬಿತು. ಬದನೆ, ಬಟಾಟೆ, ಲಾಳ, ಹೊಲ, ಸಮೋಸಾ. ಬರೆಯುವ ಮುಂಚೆ ಎಲ್ಲರೂ ನಕ್ಕಿದ್ದರು, ಇದೇನು ಮಹಾ ಎಂದು. ಬರೆದ ಮೇಲೆ ಒಬ್ಬೊಬ್ಬರೂ ತಮ್ಮ ಬೆರಳನ್ನೇ ನೋಡಿಕೊಂಡರು, ಅದು ಬೇರೆ ಯಾರದೋ ಎಂಬಂತೆ. ದಿನಾ ನೋಡುವ ಆಕಾರ ಅದು. ತಟ್ಟೆ, ಬಳೆ, ಚಂದ್ರ. ಕಣ್ಣಿಗೆ ಪೂರಾ ಗೊತ್ತು, ಕೈಗೆ ಗೊತ್ತಿಲ್ಲ.

“ಈಗ ಪೂವಪ್ಪ.”

ಅಪ್ಪ ಸೀಮೆಸುಣ್ಣ ತೆಗೆದುಕೊಂಡರು. ನಾನು ಅವರ ಕೈ ನೋಡಿದೆ. ಉಳಿದವರೆಲ್ಲ ಮೇಲಿನಿಂದಲೋ ಬದಿಯಿಂದಲೋ ಶುರು ಮಾಡಿದ್ದರು. ಅಪ್ಪನ ಕೈ ನೇರ ನಡುವಿಗೆ ಹೋಯಿತು. ಅಲ್ಲಿ ಒಂದು ಚುಕ್ಕೆ ಒತ್ತಿ, ಸುತ್ತುತ್ತಾ ಸುತ್ತುತ್ತಾ ಹೊರಗೆ ಬಂತು. ಸುರುಳಿ ದೊಡ್ಡದಾಗುತ್ತಾ ಹೋಯಿತು. ತುದಿಯಲ್ಲಿ ಎಲ್ಲಿ ನಿಲ್ಲಿಸಬೇಕೆಂದು ತಿಳಿಯದೆ ಅಪ್ಪ ಕೈ ಎತ್ತಿದರು.

“ಚಕ್ಕುಲಿ!” ವಿಶಾಲ್ ಅಂದ.

“ನೋಡ್ರಿ, ಠಾಣ್ಯಾಗೂ ಇದನ್ನೇ ಬರ್ದಾನ,” ಅಂಬಾರಾಯ ತಲೆ ಆಡಿಸಿದರು. “ನಾಟಕ ಮಾಡ್ತಾನ ಅಂದ್ರು ಸಾಹೇಬ್ರು. ಅಷ್ಟು ದುಂಡಗ ದೋಸಿ ಹೊಯ್ಯೋ ಮನಷ್ಯಾಗ ಒಂದು ಸೊನ್ನಿ ಬರಂಗಿಲ್ಲ ಅಂದ್ರ ಯಾರು ನಂಬ್ತಾರ?”

“ನಾಟಕ ಅಲ್ಲ ಸರ್.”

ಎಲ್ಲರೂ ತಿರುಗಿದರು. ಮಾತಾಡಿದ್ದು ನಾನೇ ಎಂದು ನನಗೆ ತಿಳಿಯಲು ಒಂದು ಕ್ಷಣ ಬೇಕಾಯಿತು. ಆದರೂ ನಿಲ್ಲಿಸಲಿಲ್ಲ.

“ನಾಟಕ ಮಾಡುವವರು ಸೊಟ್ಟ ಬರೀತಾರೆ. ಮೊಟ್ಟೆ ಬರೀತಾರೆ. ಚಕ್ಕುಲಿ ಬರೀಬೇಕು ಅಂತ ಯಾರಿಗೆ ಹೊಳೀತದೆ? ಅಪ್ಪ ವೃತ್ತ ಬರೆಯುವುದಿಲ್ಲ ಸರ್. ಹಿಟ್ಟು ನಡುವೆ ಹಾಕಿ ಹೊರಗೆ ಹರಡ್ತಾರೆ. ಅಂಚು ತಾನಾಗೇ ಆಗುದು. ಹಿಟ್ಟಿಲ್ಲದೆ ಬರೀ ಅಂಚು ಬರೀ ಅಂದರೆ ಅವರ ಕೈಗೆ ಗೊತ್ತಾಗುದಿಲ್ಲ.”

“ಇಷ್ಟು ದಿನ ಇವಳಿಗೆ ಬಾಯಿ ಇತ್ತಾ?” ಸೇಠ್ ಹುಬ್ಬೇರಿಸಿದರು. “ಅಪ್ಪನಿಗೆ ಮಗಳ ಸಾಕ್ಷಿ. ಭಾರೀ ಒಳ್ಳೆದಾಯಿತು.”

“ನೀ ಹೇಳೋದು ಖರೆ ಇರಬಹುದವ್ವಾ,” ಅಂಬಾರಾಯ ದನಿ ತಗ್ಗಿಸಿದರು. “ಆದ್ರ ಬರ್ತದ ಅಂತ ತೋರಸ್ಬಹುದು. ಬರಂಗಿಲ್ಲ ಅಂತ ತೋರ್ಸೋದು ಹೆಂಗ? ಸಾಹೇಬ್ರು ಕೇಳಿದ್ರ ನಾ ಏನ್ ಹೇಳ್ಲಿ?”

“ಇದನ್ನು ತೋರಿಸಿ.”

ಏಪ್ರನ್ನಿನ ಜೇಬಿನಿಂದ ನಾನು ಅದನ್ನು ತೆಗೆದೆ. ಅಂಗೈಯಗಲದ ಗಾರೆಯ ಚಕ್ಕೆ. ಕನ್ನ ಕೊರೆದಾಗ ಸಿಡಿದು ನೀರುಳ್ಳಿ ಗೋಣಿಯೊಳಗೆ ಬಿದ್ದಿತ್ತು. ಪೊಲೀಸರು ನೆಲದ ಮೇಲಿನ ಚೂರುಗಳನ್ನೆಲ್ಲ ಗುಡಿಸಿ ಒಯ್ದಿದ್ದರು, ಗೋಣಿಗೆ ಯಾರೂ ಕೈ ಹಾಕಿರಲಿಲ್ಲ. ಅದರ ಬಣ್ಣ ಬಳಿದ ಬದಿಯಲ್ಲಿ ಸೀಮೆಸುಣ್ಣದ ಗೆರೆಯಿತ್ತು.

ತೂತಿನ ಕೆಳಗಿನ ಅಂಚಿಗೆ ಅದನ್ನು ಹಿಡಿದೆ. ಒಡೆದ ಬಾಯಿಗೆ ಒಡೆದ ಬಾಯಿ ಸರಿಯಾಗಿ ಕೂತಿತು. ಅಂಬಾರಾಯ ಮೊಣಕಾಲೂರಿ ಕೂತು ಫೋನಿನ ಟಾರ್ಚ್ ಬಿಟ್ಟರು.

“ಈ ಗೆರೆ ಮುಚ್ಚಿಯೇ ಇಲ್ಲ ಸರ್,” ನಾನು ಬೆರಳಲ್ಲಿ ತೋರಿಸಿದೆ. “ಇಲ್ಲಿ ದಪ್ಪ ಉಂಟಲ್ಲ, ಇಲ್ಲಿ ಒತ್ತಿ ಶುರು ಮಾಡಿದ್ದು. ಸುತ್ತು ಹೊಡೆದು ಇಲ್ಲಿಗೇ ಬಂತು. ಬಂದು ಕೂಡಲಿಲ್ಲ. ಪಕ್ಕದಲ್ಲೇ ಒಳಗೆ ಜಾರಿತು. ಒಳಗೆ ಸ್ವಲ್ಪ ಸುತ್ತಿ, ಇಗೋ, ಇಲ್ಲಿ ಬಾಲದ ಹಾಗೆ ತೆಳ್ಳಗಾಗಿ ನಿಂತಿತು. ಹೊರಗಿನ ಸುತ್ತು ಮಾತ್ರ ಉಳಿದದ್ದಕ್ಕೆ ನಮಗೆ ದುಂಡಗೆ ಕಾಣ್ತದೆ.”

ಅಂಬಾರಾಯ ಗೋಡೆಯ ಗೆರೆಯನ್ನೂ ಅಪ್ಪನ ಚಕ್ಕುಲಿಯನ್ನೂ ಒಂದಾದ ಮೇಲೊಂದು ನೋಡಿದರು. “ಅಂದ್ರ ಇದು ಹೊರಗಿಂದ ಒಳಗ ಬಂದದ. ಅದು ಒಳಗಿಂದ ಹೊರಗ ಹೋಗ್ಯದ.”

“ಹೌದು ಸರ್. ಇದು ಅಪ್ಪನ ಕೈ ಅಲ್ಲ.”

ಮೊದಲ ಸಲ ಅಪ್ಪ ತಲೆಯೆತ್ತಿ ನನ್ನನ್ನು ನೋಡಿದರು.

“ಹಂಗಾದ್ರ ಯಾರ ಕೈ?”

ಅದು ನನಗೆ ಗೊತ್ತಿರಲಿಲ್ಲ. ಬೆಳಿಗ್ಗೆಯಿಂದ ಯೋಚಿಸಿದ್ದೆ. ವೃತ್ತ ಬರೆಯುವವರು ಕೊನೆಗೆ ಗೆರೆ ಕೂಡಿಸಲು ನೋಡುತ್ತಾರೆ. ಅಂಬಾರಾಯರೂ ಅದಕ್ಕೇ ಒದ್ದಾಡಿದ್ದರು. ಕೂಡುವ ಜಾಗಕ್ಕೆ ಬಂದು, ಕೂಡಿಸದೆ ಒಳಗೆ ಯಾಕೆ ಜಾರಬೇಕು?

“ಉಳಿದಾಕಿ ನೀ ಒಬ್ಬಾಕಿ,” ಅಂಬಾರಾಯ ಎದ್ದು ಸೀಮೆಸುಣ್ಣ ಚಾಚಿದರು. “ಅಕ್ಕಾರ ಕೈ ಸುಟ್ಟದ, ಬಿಡ್ರಿ. ನೀ ಬರಿ. ನಿನ್ನ ಹೆಸರೂ ಹೊಡೆದು ಹಾಕ್ತೀನಿ.”

ನಾನು ಗೋಡೆಯ ಮುಂದೆ ನಿಂತೆ. ಬದನೆ, ಬಟಾಟೆಗಳ ಕೆಳಗೆ ಖಾಲಿ ಜಾಗವಿತ್ತು. ಶಾಲೆಯಲ್ಲಿ ಬೋರ್ಡಿನ ಮುಂದೆ ನಿಂತಾಗಿನಂತೆ ಬೆನ್ನಿಗೆ ಎಲ್ಲರ ಕಣ್ಣು ಚುಚ್ಚಿತು. ಯೋಚಿಸಿದರೆ ಕೈ ನಡುಗುತ್ತದೆ ಎಂದು ಸೇಠರಿಂದ ಕಲಿತಿದ್ದೆ. ಯೋಚಿಸದೆ ಬರೆದೆ. ಎಡಬದಿಯಿಂದ ಹೊರಟು, ಮೇಲೆ ಹೋಗಿ, ಬಲಕ್ಕೆ ಇಳಿದು, ಕೆಳಗಿನಿಂದ ವಾಪಸು ಬಂದೆ. ಕಣ್ಣು ಅಂಚಿನಲ್ಲೇ ಇತ್ತು. ಹೊರಟ ಜಾಗ ಹತ್ತಿರ ಬಂತು.

ನನ್ನ ಕೈ ನಿಲ್ಲಲಿಲ್ಲ.

ಹೊರಟ ಜಾಗದ ಪಕ್ಕದಲ್ಲೇ ಅದು ಒಳಗೆ ಜಾರಿತು. ಒಳಗೆ ಸ್ವಲ್ಪ ಸುತ್ತಿ, ತೆಳ್ಳಗಾಗಿ, ಬಾಲ ಬಿಟ್ಟು ನಿಂತಿತು.

ಯಾರೂ ನಗಲಿಲ್ಲ. ವಿಶಾಲ್ ಕೂಡ.

ನನ್ನ ವೃತ್ತ ದುಂಡಗಿತ್ತು. ಆ ಗೋಡೆಯ ಮೇಲೆ ಇನ್ನೊಂದೇ ಒಂದು ದುಂಡಗಿನ ವೃತ್ತವಿತ್ತು.

“ತಂಗಿ,” ಅಂಬಾರಾಯರ ದನಿ ಬದಲಾಗಿತ್ತು. “ಇವೆರಡೂ ಒಂದೇ ಕೈ.”

“ಅಯ್ಯೋ ದೇವರೇ!” ಸೇಠ್ ಹಣೆ ಹೊಡೆದುಕೊಂಡರು. “ನನ್ನ ಹೋಟೆಲಿನಲ್ಲಿ ಹಾವು ಸಾಕಿದ್ದೆ. ಅಪ್ಪನ ಸೊಂಟದ ಕೀಲಿ, ಮಗಳ ಕೈ! ಬಾಯಿ ಇಲ್ಲದ ಹುಡುಗಿ ಅಂತ ಎಲ್ಲರೂ ಪಾಪ ಅನ್ನುತ್ತಿದ್ದರು. ಗಾರೆಯ ತುಂಡು ಇವಳಿಗೇ ಯಾಕೆ ಸಿಕ್ಕಿತು ಅಂತ ಈಗ ಗೊತ್ತಾಯಿತು!”

ಅಂಬಾರಾಯ ಎರಡೂ ಗೆರೆಗಳ ಫೋಟೋ ತೆಗೆದರು. ಆಮೇಲೆ ಫೋನನ್ನು ಕಿವಿಗೆ ಹಿಡಿದು ಮರಾಠಿಯಲ್ಲಿ ಮಾತಾಡಿದರು. ಸಾಹೇಬರ ಜೊತೆ. ಅದರಲ್ಲಿ ಒಂದು ಮಾತು ನನಗೆ ಸ್ಪಷ್ಟವಾಗಿ ಕೇಳಿಸಿತು. ಲೇಡಿ ಕಾನ್ಸ್‌ಟೇಬಲ್ ಕಳಿಸಿ.

ಅಪ್ಪನಿಗೂ ಕೇಳಿಸಿತು. ಅವರು ಮೂಟೆಗಳನ್ನು ತಳ್ಳಿಕೊಂಡು ಮುಂದೆ ಬಂದು ಅಂಬಾರಾಯರ ತೋಳು ಹಿಡಿದರು.

“ನಾನೇ ಸರ್. ನಾನೇ ಬರೆದದ್ದು. ಕೊರೆದದ್ದೂ ನಾನೇ. ಅವಳಿಗೆ ಏನೂ ಗೊತ್ತಿಲ್ಲ. ನನ್ನ ಹೆಸರು ಬರೆದುಕೊಳ್ಳಿ, ಎಲ್ಲಿ ಬೇಕಾದರೂ ಸೈನ್ ಹಾಕ್ತೇನೆ.”

“ಅಪ್ಪ,” ನಾನು ಅಂದೆ, “ನಿಮಗೆ ವೃತ್ತ ಬರುದಿಲ್ಲ. ಸುಮ್ಮನಿರಿ.”

“ಮಗಾ…”

“ಸುಮ್ಮನಿರಿ ಅಪ್ಪ.”

ನಾನು ನನ್ನ ಕೈಯನ್ನೇ ನೋಡುತ್ತಿದ್ದೆ. ಹೇಳದೆ ಕೇಳದೆ ಒಳಗೆ ಜಾರಿದ ಕೈ. ಇದಕ್ಕೆ ಇದನ್ನು ಯಾರು ಕಲಿಸಿದರು? ಶಾಲೆಯಲ್ಲಿ ಅಲ್ಲ. ಇಲ್ಲಿ ಅಪ್ಪನ ಪಕ್ಕದಲ್ಲೂ ಅಲ್ಲ. ಅಪ್ಪ ತನ್ನ ಕಾವಲಿಯನ್ನು ನನಗೆ ಉಜ್ಜಲು ಕೊಡುತ್ತಾರೆ, ಸೌಟು ಕೊಡುವುದಿಲ್ಲ.

ಡೊಂಬಿವಲಿಯ ಮನೆಯಲ್ಲಿ, ಪಾತ್ರೆ ತೊಳೆಯುವ ಮೋರಿಯ ಪಕ್ಕದ ಒಲೆಯ ಮುಂದೆ, ಅಮ್ಮ ನನ್ನ ಮಣಿಕಟ್ಟು ಹಿಡಿದು ತಿರುಗಿಸಿದ್ದು ನೆನಪಾಯಿತು. ಹೊರಗಿನಿಂದ ಬಾ ಬಾಲೆ. ಮೊದಲು ಅಂಚು. ಅಂಚು ಮುಗಿದ ಕೂಡಲೇ ಒಳಗೆ ತಿರುಗಿಸು, ನಿಲ್ಲಿಸಬೇಡ, ನಿಲ್ಲಿಸಿದರೆ ತೂತು ಬೀಳುತ್ತದೆ.

“ನೀರುದೋಸೆ,” ನಾನು ಅಂದೆ.

“ಏನಂದಿ?”

“ಇದು ನೀರುದೋಸೆಯ ಕೈ ಸರ್. ಅದರ ಹಿಟ್ಟು ನೀರಿನ ಹಾಗೆ. ಅಪ್ಪನ ದೋಸೆಯಂತೆ ನಡುವೆ ಹಾಕಿ ಹರಡಿದರೆ ಕಿತ್ತು ಬರ್ತದೆ. ಕಾವಲಿಯ ಅಂಚಿನಿಂದ ಎರೆದುಕೊಂಡು ಬಂದು ಒಳಗೆ ತಿರುಗಿಸಬೇಕು. ದಿನಾ ಎರೆಯುವವರ ಕೈ ಅಂಚು ಮುಗಿದ ಮೇಲೆ ನಿಲ್ಲುದಿಲ್ಲ. ಸೀಮೆಸುಣ್ಣ ಕೊಟ್ಟರೂ ನಿಲ್ಲುದಿಲ್ಲ. ಈಗ ನೋಡಿದಿರಲ್ಲ.”

“ನಮ್ಮ ಹೋಟೆಲಿನಲ್ಲಿ ನೀರುದೋಸೆ ಇಲ್ಲವೇ ಇಲ್ಲ!” ಸೇಠ್ ಕೂಗಿದರು. “ಮೆನು ನೋಡಿ ಬೇಕಾದರೆ. ಇವಳೇ ಒಪ್ಪಿಕೊಂಡಳು, ಬರೆದುಕೊಳ್ಳಿ!”

“ಬರೆದುಕೊಳ್ಳಿ ಸರ್,” ನಾನೂ ಅಂದೆ. “ನನ್ನ ಕೈ ಅಂತಲೇ ಬರೆದುಕೊಳ್ಳಿ. ನನ್ನ ಅಮ್ಮನ ಕೈಯೂ ಇದೇ. ನಮ್ಮ ಊರ ಕಡೆಯ ಮನೆ ಮನೆಯಲ್ಲೂ ಇದೇ. ಹೋಟೆಲಿನಲ್ಲಿ ಕೆಲಸ ಮಾಡುವವರನ್ನು ಸಾಲಾಗಿ ನಿಲ್ಲಿಸಿದಿರಿ. ಮನೆಯಲ್ಲಿ ಎರೆಯುವವರನ್ನು ಯಾರನ್ನೂ ಕೇಳಲಿಲ್ಲ. ಉಗ್ರಾಣದ ಕೀಲಿ ಇರುವುದು ಎರಡು ಕಡೆ ಅಂತ ಸೇಠ್ರೇ ಹೇಳಿದರು. ಹಾಗಾದರೆ ಕೈಯನ್ನೂ ಎರಡು ಕಡೆ ನೋಡಬೇಕಲ್ಲ?”

ಅಂಬಾರಾಯರ ಟಾರ್ಚ್ ಇನ್ನೂ ಉರಿಯುತ್ತಿತ್ತು. ಅದರ ಬೆಳಕು ಮೆಲ್ಲಗೆ ಗೋಡೆ ಬಿಟ್ಟು ಬಾಗಿಲಿನ ಕಡೆ ಸರಿಯಿತು. ಅಲ್ಲಿ ಜ‌ಯಕ್ಕ ನಿಂತಿದ್ದರು. ಎಲ್ಲರೂ ಮೂಟೆಗಳ ನಡುವೆ ನುಗ್ಗಿದಾಗಲೂ ಅವರು ಹೊಸ್ತಿಲು ದಾಟಿರಲಿಲ್ಲ.

“ಏನು ನೋಡ್ತೀರಿ?” ಜಯಕ್ಕ ಕೈ ಎತ್ತಿ ತೋರಿಸಿದರು. “ಸುಟ್ಟದ್ದು ಕಾಣುದಿಲ್ವಾ?”

“ಕಾಣ್ತದೆ ಅಕ್ಕ,” ನಾನು ಅಂದೆ. “ನಿನ್ನೆ ಸಂಜೆ ಸರ್ ಫೋನ್ ಮಾಡಿ ಎಲ್ಲರೂ ಬರೀಬೇಕು ಅಂದರು. ಬೆಳಿಗ್ಗೆ ಬರುವಾಗ ಕೈಗೆ ಬ್ಯಾಂಡೇಜ್ ಬಂತು. ಅದೇ ಕೈಯಲ್ಲಿ ನೀವು ಶಟರಿನ ಬೀಗ ತೆಗೆದದ್ದೂ ನನಗೆ ಕಂಡಿತು.”

“ಏಯ್!” ಸೇಠ್ ನನ್ನ ಕಡೆ ಒಂದು ಹೆಜ್ಜೆ ಇಟ್ಟರು. “ನನ್ನ ಅನ್ನ ತಿಂದು ನನ್ನ ಹೆಂಡತಿಯನ್ನು…”

“ನಿಮ್ಮ ಡಬ್ಬಿಯಲ್ಲಿ ಏನಿತ್ತು ಸೇಠ್ರೇ?”

ಅವರು ನಿಂತರು.

“ಇವತ್ತು ಮಧ್ಯಾಹ್ನ ನೀವು ತಿಂದದ್ದು ನೀರುದೋಸೆ. ಅದನ್ನು ಎರೆದದ್ದು ಯಾರು?”

“ಮನೆ ಕೆಲಸದ ಮೌಶಿ…” ಅಂದರು ಸೇಠ್. ಮೌಶಿಗೆ ಭಾಕರಿ ರೊಟ್ಟಿ ಬಿಟ್ಟರೆ ಬೇರೇನೂ ಬರುವುದಿಲ್ಲ ಎಂದು ದಿನಾ ಕೌಂಟರಿನಲ್ಲಿ ಕೂತು ಗೊಣಗುವವರು ಅವರೇ. ಅವರ ಮುಖದಲ್ಲಿ ಸಿಟ್ಟು ಹಾಗೇ ಇತ್ತು, ಆದರೆ ಅದು ಯಾರ ಮೇಲೆ ಎಂದು ಈಗ ಅವರಿಗೇ ತಿಳಿಯುತ್ತಿರಲಿಲ್ಲ. ಅವರು ಹೆಂಡತಿಯನ್ನು ನೋಡಿದರು. ಆಮೇಲೆ ತೂತನ್ನು. ಆಮೇಲೆ ಮತ್ತೆ ಹೆಂಡತಿಯನ್ನು.

“ಜಯಾ,” ಅಂದರು, ಬಹಳ ಮೆಲ್ಲಗೆ. “ಅಮ್ಮನ ಸರ ಪಾಲಿಶಿಗೆ ಕೊಟ್ಟೆ ಅಂದಾಗ ನೀನು ಯಾಕೆ ಊಟ ಬಿಟ್ಟದ್ದು? ಅಂಗಡಿಯಲ್ಲಿ ಉಜ್ಜಿ ನೋಡಿದರೆ ಅದು ಚಿನ್ನ ಅಲ್ಲ ಅಂತ ಗೊತ್ತಾಗ್ತದೆ ಅಂತಲಾ?”

ಜಯಕ್ಕ ಗಂಡನ ಕಡೆ ತಿರುಗಲಿಲ್ಲ. ನನ್ನನ್ನೇ ನೋಡುತ್ತಿದ್ದರು. ನಾನು ಈ ಹೋಟೆಲಿಗೆ ಬಂದ ಮೇಲೆ ಅವರು ನನ್ನನ್ನು ಸರಿಯಾಗಿ ನೋಡಿದ್ದು ಅದೇ ಮೊದಲು.

“ನಿನಗೆ ಎಷ್ಟು ಧೈರ್ಯ ಪ್ರೇಕ್ಷಾ,” ಅಂದರು. “ತರಕಾರಿ ಹೆಚ್ಚುವ ಹುಡುಗಿ ನನ್ನ ಕೈಯಲ್ಲಿ ವೃತ್ತ ಬರೆಸುದಾ? ನಾನು ಬರೆಯುದಿಲ್ಲ ಅಂದರೆ ಏನು ಮಾಡ್ತೀ?”

“ಏನೂ ಮಾಡುದಿಲ್ಲ. ಇಲ್ಲೇ ನಿಲ್ತೇನೆ.”

ಹೊರಗೆ ಇನ್ನೊಂದು ಜೀಪು ಬಂದು ನಿಂತ ಸದ್ದಾಯಿತು. ಬಾಗಿಲು ತೆರೆದು ಮುಚ್ಚಿತು. ಬೂಟುಗಳ ಸದ್ದು ಹಾಲ್‌ನ ಕುರ್ಚಿಗಳ ನಡುವೆ ಹತ್ತಿರ ಬರತೊಡಗಿತು. ಅವು ನನಗಾಗಿ ಬಂದ ಬೂಟುಗಳು. ಅಂಬಾರಾಯ ಬಾಗಿಲ ಕಡೆಗೊಮ್ಮೆ ನೋಡಿ, ಮತ್ತೆ ನನ್ನ ಕಡೆ ನೋಡಿದರು. ಬೇಗ ಎಂಬಂತೆ.

ನಾನು ಮೂಟೆಗಳನ್ನು ದಾಟಿ ಹೊಸ್ತಿಲಿಗೆ ಹೋದೆ. ಸೀಮೆಸುಣ್ಣವನ್ನು ಮುಂದೆ ಹಿಡಿದೆ.

“ಬಲಗೈ ಬೇಡ ಅಕ್ಕ, ಎಡಗೈ ಸಾಕು. ದುಂಡಗೆ ಬರಬೇಕು ಅಂತಲೂ ಇಲ್ಲ. ಬದನೆ ಆಗಲಿ, ಬಟಾಟೆ ಆಗಲಿ. ನೀವು ಎಲ್ಲಿ ನಿಲ್ಲಿಸ್ತೀರಿ ಅಂತ ನೋಡಿದರೆ ಸಾಕು.”

ಬ್ಯಾಂಡೇಜಿನೊಳಗಿನ ಬೆರಳುಗಳು ಮೆಲ್ಲಗೆ ಮಡಚಿಕೊಂಡವು. ಸೇಠ್ ಗೋಡೆಗೆ ಒರಗಿದರು, ಅವರ ಭುಜಕ್ಕೆ ತಾಗಿ ಬಟಾಟೆಯ ಅರ್ಧ ಅಳಿಸಿತು. ಬೂಟುಗಳು ಜಯಕ್ಕನ ಬೆನ್ನ ಹಿಂದೆ ಬಂದು ನಿಂತವು.

“ಒಂದು ವೃತ್ತ ಬರೀರಿ, ಅಕ್ಕ.”